ಒಂದು ವರ್ಷದ ಹಿಪ್‌ಹಾಪ್ ಬಾಕಿ ಉಳಿದಿದೆ, ಎಲ್ಲಿಂದ ಕೇಳಲಿ?

ಪ್ರಶ್ನೆ: ಕಾಲೇಜು ದಿನಗಳಿಂದಲೂ ನಾನು ಅಮೆರಿಕದ ಹಿಪ್‌ಹಾಪ್ ಕೇಳುತ್ತ ಬಂದವಳು. ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆಂದು 2024ರ ಇಡೀ ವರ್ಷ ಹೊಸ ಹಾಡುಗಳನ್ನು ಕೇಳಲೇ ಇಲ್ಲ. ಈಗ ಬಿಟ್ಟುಹೋದದ್ದನ್ನು ಕೇಳಲು ಕುಳಿತರೆ ಗೆಳತಿಯರು ಕಳುಹಿಸಿದ ಪ್ಲೇಲಿಸ್ಟುಗಳಲ್ಲಿ ನೂರಾರು ಹಾಡುಗಳಿವೆ. ಎಲ್ಲಿ ನೋಡಿದರೂ ರ‍್ಯಾಪರ್‌ಗಳಾದ ಕೆಂಡ್ರಿಕ್ ಲಾಮಾರ್ ಮತ್ತು ಡ್ರೇಕ್ ಅವರ ಜಗಳದ ಮಾತೇ ಇದೆ, ಅದರ ತಲೆಬುಡ ತಿಳಿಯುತ್ತಿಲ್ಲ. ಎಲ್ಲಿಂದ ಆರಂಭಿಸಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಪ್ಲೇಲಿಸ್ಟುಗಳನ್ನು ಸದ್ಯಕ್ಕೆ ಬದಿಗಿಡಿ. ಜನಪ್ರಿಯತೆಯ ಲೆಕ್ಕದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಮೇ ತಿಂಗಳ ಹಾಡು ಮಾರ್ಚ್ ತಿಂಗಳ ಹಾಡಿಗಿಂತ ಮೊದಲೇ ಬಂದು ಕುಳಿತಿರುತ್ತದೆ. ಬೇರೆ ವರ್ಷಗಳಲ್ಲಿ ಇದರಿಂದ ಹೆಚ್ಚಿನ ನಷ್ಟವಿಲ್ಲದಿದ್ದರೂ 2024ರಲ್ಲಿ ಹೆಚ್ಚು ಸದ್ದು ಮಾಡಿದ ಹಾಡುಗಳು ಒಂದಕ್ಕೊಂದು ಉತ್ತರವಾಗಿಯೇ ಹುಟ್ಟಿದಂಥವು. ನಿಮ್ಮ ಕಡೆಯ ಗೀಗೀ ಮೇಳಗಳಲ್ಲಿ ಹರದೇಶಿಯವರ ಸವಾಲನ್ನು ಬಿಟ್ಟು ನಾಗೇಶಿಯವರ ಜವಾಬನ್ನಷ್ಟೇ ಕೇಳಿದವರಿಗೆ ಎಷ್ಟು ದಕ್ಕೀತೋ ಇಲ್ಲಿಯೂ ಅಷ್ಟೇ ದಕ್ಕುತ್ತದೆ. ಆದ್ದರಿಂದ ಜಗಳದ ಹಾಡುಗಳನ್ನು ಬಿಡುಗಡೆಯ ದಿನಾಂಕದ ಕ್ರಮದಲ್ಲಿಯೇ ಕೇಳಿರಿ. ಆ ವರ್ಷದ ಉಳಿದ ಆಲ್ಬಂಗಳಿಗೆ ಇಂಥ ಕಟ್ಟುಪಾಡಿಲ್ಲ.

ಕಿಡಿ ಹೊತ್ತಿದ್ದು 2023ರ ಅಕ್ಟೋಬರಿನಲ್ಲಿ. ಡ್ರೇಕ್ ಅವರ ಆಲ್ಬಂನ ಒಂದು ಹಾಡಿನಲ್ಲಿ ಅತಿಥಿಯಾಗಿ ಬಂದ ರ‍್ಯಾಪರ್ ಜೆ. ಕೋಲ್, ತಾವು, ಡ್ರೇಕ್ ಹಾಗೂ ಕೆಂಡ್ರಿಕ್ ಮೂವರೇ ಈ ಕಾಲದ ದೊಡ್ಡವರು ಎಂಬರ್ಥದ ಮಾತನ್ನಾಡಿದ್ದರು. ಹೊಗಳಿಕೆಯೆಂದು ಸ್ವೀಕರಿಸಬಹುದಾಗಿದ್ದ ಈ ಮಾತನ್ನು ಕೆಂಡ್ರಿಕ್ ಸ್ವೀಕರಿಸಲಿಲ್ಲ. 2024ರ ಮಾರ್ಚ್ 22ರಂದು ರ‍್ಯಾಪರ್ ಫ್ಯೂಚರ್ ಮತ್ತು ನಿರ್ಮಾಪಕ ಮೆಟ್ರೋ ಬೂಮಿನ್ ಜೊತೆಗೂಡಿ ಹೊರತಂದ ಆಲ್ಬಂನಲ್ಲಿ ‘ಲೈಕ್ ದಟ್’ ಎಂಬ ಹಾಡಿದೆ. ಮೂವರೂ ಇಲ್ಲ ಗೀವರೂ ಇಲ್ಲ, ಇರುವವನು ನಾನೊಬ್ಬನೇ ಎಂದು ಕೆಂಡ್ರಿಕ್ ಸಾರಿದ್ದು ಅಲ್ಲಿ. ನಿಮ್ಮ ಕೇಳ್ಮೆ ಈ ಹಾಡಿನಿಂದ ಆರಂಭವಾಗಲಿ.

ಏಪ್ರಿಲ್ 5ರಂದು ಜೆ. ಕೋಲ್ ಒಂದು ಹಾಡಿನ ಮೂಲಕ ಉತ್ತರ ಕೊಟ್ಟರು. ಎರಡೇ ದಿನಗಳಲ್ಲಿ, ನಾರ್ತ್ ಕ್ಯಾರೊಲೈನಾದ ರಾಲೆ ನಗರದಲ್ಲಿ ತಾವೇ ನಡೆಸುತ್ತಿದ್ದ ಉತ್ಸವದ ವೇದಿಕೆಯ ಮೇಲೆ ನಿಂತು, ಆ ಹಾಡು ಬರೆದದ್ದು ತಪ್ಪಾಯಿತೆಂದು ಕ್ಷಮೆ ಕೋರಿ, ಬಳಿಕ ಅದನ್ನು ಸ್ಟ್ರೀಮಿಂಗ್ ಸೇವೆಗಳಿಂದ ತೆಗೆಸಿದರು. ಸೋಲೊಪ್ಪುವುದನ್ನು ಅವಮಾನವೆಂದೇ ಎಣಿಸುವ ಹಿಪ್‌ಹಾಪ್‌ನಲ್ಲಿ ಇದು ಬಹಳ ಅಪರೂಪ. ಅಂದು ಅವರನ್ನು ನೋಡಿ ನಕ್ಕವರು ಅನೇಕರಿದ್ದರು. ಮುಂದಿನ ತಿಂಗಳು ನಡೆದುದನ್ನು ನೋಡಿದರೆ ಆ ವರ್ಷ ವಿವೇಕ ತೋರಿದವರು ಅವರೊಬ್ಬರೇ ಎಂದು ನನಗನ್ನಿಸುತ್ತದೆ.

ಡ್ರೇಕ್ ಏಪ್ರಿಲಿನಲ್ಲಿ ‘ಪುಶ್ ಅಪ್ಸ್’ ಎಂಬ ಚುರುಕಾದ ಉತ್ತರ ಕೊಟ್ಟರು. ಅದರ ಹಿಂದೆಯೇ ಬಂದ ಇನ್ನೊಂದು ಹಾಡಿನಲ್ಲಿ ಅವರು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಟುಪಾಕ್ ಶಕೂರ್ ಮತ್ತು ಸ್ನೂಪ್ ಡಾಗ್ ಧ್ವನಿಗಳನ್ನು ಬಳಸಿದ್ದರು. 1996ರಲ್ಲಿಯೇ ತೀರಿಕೊಂಡ ಟುಪಾಕ್ ಅವರ ವಾರಸುದಾರರ ಪರ ವಕೀಲರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟ ಮೇಲೆ ಆ ಹಾಡನ್ನು ಹಿಂತೆಗೆದುಕೊಳ್ಳಲಾಯಿತು. ಏಪ್ರಿಲ್ 30ಕ್ಕೆ ಕೆಂಡ್ರಿಕ್ ಅವರ ‘ಯುಫೋರಿಯಾ’ ಬಂತು. ಮೇ 3 ಮತ್ತು 4ರಂದು ಕೆಂಡ್ರಿಕ್ ಅವರ ‘6:16 ಇನ್ ಎಲ್‌ಎ’, ಡ್ರೇಕ್ ಅವರ ‘ಫ್ಯಾಮಿಲಿ ಮ್ಯಾಟರ್ಸ್’, ಅದು ಹೊರಬಿದ್ದು ಒಂದು ಗಂಟೆಯಾಗುವುದರೊಳಗೆ ಕೆಂಡ್ರಿಕ್ ಅವರ ‘ಮೀಟ್ ದಿ ಗ್ರಹಾಮ್ಸ್’, ಮರುದಿನ ‘ನಾಟ್ ಲೈಕ್ ಅಸ್’ ಒಂದರ ಹಿಂದೊಂದು ಬಂದವು. ಈ ಕೊನೆಯ ನಾಲ್ಕನ್ನು ಒಂದೇ ಕೂತಿನಲ್ಲಿ ಕೇಳಬೇಕೆಂದು ನನ್ನ ಒತ್ತಾಯ.

ಒತ್ತಾಯಕ್ಕೆ ಕಾರಣ ಕೊನೆಯ ಎರಡು ಹಾಡುಗಳ ನಡುವಿನ ಅಂತರ. ‘ಮೀಟ್ ದಿ ಗ್ರಹಾಮ್ಸ್’ ಪತ್ರದ ರೂಪದಲ್ಲಿದೆ: ಕೆಂಡ್ರಿಕ್ ಮೊದಲು ಡ್ರೇಕ್ ಅವರ ಮಗನನ್ನು, ಅನಂತರ ತಾಯಿ ತಂದೆಯರನ್ನು, ಕೊನೆಗೆ ಡ್ರೇಕ್ ಅವರನ್ನೇ ಉದ್ದೇಶಿಸಿ, ದನಿಯೇರಿಸದೆ, ಮಂದವಾದ ಪಿಯಾನೊ ತುಣುಕೊಂದರ ಮೇಲೆ ಮಾತನಾಡುತ್ತಾರೆ. ಅದನ್ನು ಎರಡನೆಯ ಸಲ ಕೇಳಲು ಮನಸ್ಸು ಬರುವುದಿಲ್ಲ. ಮರುದಿನದ ‘ನಾಟ್ ಲೈಕ್ ಅಸ್’ನಲ್ಲಿ ನಿರ್ಮಾಪಕ ಮಸ್ಟರ್ಡ್ ಕುಣಿತಕ್ಕೆ ಹೇಳಿ ಮಾಡಿಸಿದ, ಲಾಸ್ ಏಂಜಲೀಸಿನ ಬೀದಿಗಳ ಬೀಟ್ ಕೂಡಿಸಿದ್ದಾರೆ. ಆರೋಪಗಳ ತೀವ್ರತೆಯಲ್ಲಿ ಎರಡೂ ಒಂದೇ. ಆದರೆ ಜನಸಮೂಹ ಒಟ್ಟಾಗಿ ಕೂಗಬಹುದಾದ ಪಲ್ಲವಿ ಇದ್ದದ್ದು ಎರಡನೆಯದರಲ್ಲಿ. ಜಗಳ ತೀರ್ಮಾನವಾದದ್ದು ಪುರಾವೆಯಿಂದಲ್ಲ, ಪಲ್ಲವಿಯಿಂದ ಎಂದು ನಾನು ತಿಳಿದಿದ್ದೇನೆ. ಜೂನ್ 19ರಂದು ಇಂಗಲ್‌ವುಡ್‌ನಲ್ಲಿ ನಡೆದ ಕಛೇರಿಯಲ್ಲಿ ಕೆಂಡ್ರಿಕ್ ಈ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿದರು. 2025ರ ಫೆಬ್ರುವರಿಯಲ್ಲಿ ಅದಕ್ಕೆ ವರ್ಷದ ರೆಕಾರ್ಡ್ ಮತ್ತು ವರ್ಷದ ಹಾಡು ಸೇರಿದಂತೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಒಂದು ಎಚ್ಚರಿಕೆ. ಇಬ್ಬರೂ ಪರಸ್ಪರರ ಮೇಲೆ ಹೊರಿಸಿದ ಆರೋಪಗಳು ಘೋರವಾದವು, ಹಾಡಿನಲ್ಲಿ ಹೇಳಿದ ಮಾತ್ರಕ್ಕೆ ಅವು ಸತ್ಯವಾಗುವುದಿಲ್ಲ. ಡ್ರೇಕ್ 2025ರ ಜನವರಿಯಲ್ಲಿ ಹೂಡಿದ ಮಾನಹಾನಿ ಮೊಕದ್ದಮೆ ಕೆಂಡ್ರಿಕ್ ಅವರ ವಿರುದ್ಧವಲ್ಲ, ಇಬ್ಬರ ಹಾಡುಗಳನ್ನೂ ಮಾರುಕಟ್ಟೆಗೆ ತರುವ ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್‌ನ ವಿರುದ್ಧ. ಅದೇ ವರ್ಷದ ಅಕ್ಟೋಬರಿನಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ವಜಾಗೊಳಿಸಿತು.

ಇಷ್ಟನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಮುಗಿಸಿ, ಮರೆತು, ಜಗಳದ ಧೂಳಿನಲ್ಲಿ ಮುಚ್ಚಿಹೋದ ಆಲ್ಬಂಗಳ ಕಡೆಗೆ ಬನ್ನಿ. ನಿಮ್ಮ ನಿಜವಾದ ಬಾಕಿ ಅಲ್ಲಿದೆ.

ಮೊದಲು ಡೋಚಿ. ಫ್ಲಾರಿಡಾದ ಟ್ಯಾಂಪಾ ನಗರದ ಈಕೆ ಆಗಸ್ಟ್ 30ರಂದು ಹೊರತಂದ ‘ಆಲಿಗೇಟರ್ ಬೈಟ್ಸ್ ನೆವರ್ ಹೀಲ್’ ಮಿಕ್ಸ್‌ಟೇಪಿಗೆ ಗ್ರ್ಯಾಮಿಯ ಅತ್ಯುತ್ತಮ ರ‍್ಯಾಪ್ ಆಲ್ಬಂ ಪ್ರಶಸ್ತಿ ದೊರೆಯಿತು. ಈ ವಿಭಾಗದಲ್ಲಿ ಗೆದ್ದ ಮೂರನೆಯ ಮಹಿಳೆ ಆಕೆ, ಹಿಂದಿನ ಇಬ್ಬರೆಂದರೆ ಫ್ಯೂಜೀಸ್ ತಂಡದಲ್ಲಿದ್ದ ಲಾರಿನ್ ಹಿಲ್ ಮತ್ತು ಕಾರ್ಡಿ ಬಿ. ಇದರಲ್ಲಿನ ‘ಡಿನಾಯಲ್ ಈಸ್ ಎ ರಿವರ್’ ಹಾಡಿನಲ್ಲಿ ಡೋಚಿ ತನ್ನದೇ ಇನ್ನೊಂದು ದನಿಯೊಡನೆ ಸಂಭಾಷಣೆಗಿಳಿಯುತ್ತಾಳೆ. ಆ ದನಿ ಸಲಹೆಗಾರ್ತಿಯಂತೆ ಕೇಳುತ್ತ ಹೋಗುತ್ತದೆ, ಈಕೆ ತನಗಾದ ಮೋಸವನ್ನೂ ಹಿಡಿದ ದುಶ್ಚಟಗಳನ್ನೂ ನಗೆಚಾಟಿಕೆಯಲ್ಲಿ ತೇಲಿಸುತ್ತ ಹೋಗುತ್ತಾಳೆ, ಕೊನೆಗೆ ಉಸಿರಾಟದ ಅಭ್ಯಾಸವೇ ತಾಳವಾಗಿಬಿಡುತ್ತದೆ. ನಗುತ್ತಲೇ ಇದ್ದ ಕೇಳುಗರಿಗೆ ಆಗಷ್ಟೇ ಆಕೆಯ ದಣಿವಿನ ಅರಿವಾಗುತ್ತದೆ. ಇಡೀ ವರ್ಷದಲ್ಲಿ ಇಷ್ಟು ಜಾಣತನದಿಂದ ಕಟ್ಟಿದ ಹಾಡು ಇನ್ನೊಂದಿಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ.

ಟೈಲರ್, ದಿ ಕ್ರಿಯೇಟರ್ ಅವರ ‘ಕ್ರೊಮಕೋಪಿಯಾ’ ಅಕ್ಟೋಬರ್ 28ರ ಸೋಮವಾರ ಬಂತು. ಹೊಸ ಸಂಗೀತ ಶುಕ್ರವಾರ ಬರುವುದು 2015ರಿಂದ ಜಗತ್ತಿನಾದ್ಯಂತ ನಡೆದುಬಂದ ಪದ್ಧತಿ. ಜನ ವಾರಾಂತ್ಯದ ಅಮಲಿನಲ್ಲಿ ಅಲ್ಲ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೇಳಲಿ ಎಂಬುದು ಟೈಲರ್ ಅವರ ಅಪೇಕ್ಷೆಯಾಗಿತ್ತು. ಆಲ್ಬಂನುದ್ದಕ್ಕೂ ಅವರ ತಾಯಿಯ ಮಾತುಗಳು ಕೇಳಿಬರುತ್ತವೆ. ತಂದೆಯಿಲ್ಲದೆ ಬೆಳೆದ ಸಿಟ್ಟನ್ನು ಹಿಂದಿನ ಕೆಲವು ಆಲ್ಬಂಗಳಲ್ಲಿ ಕಾರಿದ್ದ ಈ ಗಾಯಕನಿಗೆ ‘ಲೈಕ್ ಹಿಮ್’ ಹಾಡಿನಲ್ಲಿ ತಾಯಿಯೇ, ಅಪ್ಪ ದೂರವಾದದ್ದು ತನ್ನ ತಪ್ಪಿನಿಂದ, ಆತ ಒಳ್ಳೆಯವನು ಎಂದು ಹೇಳುವ ಭಾಗ ಬರುತ್ತದೆ. ಅವರ ಹಳೆಯ ಆಲ್ಬಂಗಳನ್ನು ಕೇಳಿದವರಿಗೆ ಇದು ಬೇರೆಯೇ ಆಗಿ ತಟ್ಟುತ್ತದೆ.

ಕೆಂಡ್ರಿಕ್ ಅವರ ‘ಜಿಎನ್‌ಎಕ್ಸ್’ ನವೆಂಬರ್ 22ರಂದು ಮುನ್ಸೂಚನೆಯೇ ಇಲ್ಲದೆ ಬಂತು. ಹನ್ನೆರಡು ಹಾಡುಗಳು, ಮುಕ್ಕಾಲು ಗಂಟೆಯೊಳಗಿನ ಆಲ್ಬಂ. ಹೆಸರು ಅವರು ಹುಟ್ಟಿದ 1987ನೇ ಇಸವಿಯ ಬ್ಯೂಕ್ ಕಾರಿನದು. ಮೊದಲು ಕೇಳಿಸುವುದು ಮೆಕ್ಸಿಕೋದ ಜನಪದ ಸಂಗೀತವಾದ ಮರಿಯಾಚಿಯ ಗಾಯಕಿ ಡೆಯ್ರಾ ಬರೆರಾ ಅವರ ಸ್ಪ್ಯಾನಿಷ್ ಆಲಾಪ. ಜಗಳದ ವಿಜಯೋತ್ಸವದ ಹಾಡುಗಳು ಇದರಲ್ಲಿ ಇವೆ, ಅವು ನನಗೆ ಅಷ್ಟು ಮುಖ್ಯವೆನಿಸಲಿಲ್ಲ. ‘ರೀಇನ್‌ಕಾರ್ನೇಟೆಡ್’ ಹಾಡಿಗೆ ಮಾತ್ರ ಸಮಯ ಕೊಡಿ: ಟುಪಾಕ್ ಅವರ ಹಾಡೊಂದರ ತುಣುಕಿನ ಮೇಲೆ ಕೆಂಡ್ರಿಕ್ ತಮ್ಮ ಪೂರ್ವಜನ್ಮಗಳನ್ನು ಹೇಳಿಕೊಳ್ಳುತ್ತಾರೆ. ಒಂದು ಜನ್ಮದಲ್ಲಿ ದರ್ಪದ ಗಿಟಾರ್ ವಾದಕ, ಇನ್ನೊಂದರಲ್ಲಿ ಮಾದಕ ವ್ಯಸನಕ್ಕೆ ಬಲಿಯಾದ ಕಪ್ಪು ಗಾಯಕಿ, ಈಗ ತಾನು. ಆಮೇಲೆ ದೇವರೊಡನೆ ವಾದ. ಯುದ್ಧವನ್ನು ನೀನು ಪ್ರೀತಿಸುತ್ತೀಯಲ್ಲವೆ ಎಂಬ ಅಲ್ಲಿನ ಆಕ್ಷೇಪ ಮೇ ತಿಂಗಳ ಹಾಡುಗಳನ್ನು ಕೇಳಿದವರಿಗೆ ಚುಚ್ಚದೆ ಇರದು. ಈ ಆಲ್ಬಂ ಕೇಳುವ ಹೊತ್ತಿಗೆ ನೀವು ಜಗಳದ ಸರಣಿ ಮುಗಿಸಿರಬೇಕೆನ್ನುವುದು ಅದಕ್ಕಾಗಿಯೇ.

ಯಾವ ಪ್ಲೇಲಿಸ್ಟಿನಲ್ಲಿಯೂ ಬಹುಶಃ ನಿಮಗೆ ಸಿಗದಿರುವ ಹೆಸರು ‘ಕಾ’ ಎಂಬ ರ‍್ಯಾಪರ್ ಅವರದು. ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್‌ನಲ್ಲಿ ಬೆಳೆದ ಇವರು ನ್ಯೂಯಾರ್ಕ್ ಅಗ್ನಿಶಾಮಕ ದಳದಲ್ಲಿ ಕ್ಯಾಪ್ಟನ್ ಆಗಿದ್ದರು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಆಲ್ಬಂಗಳನ್ನು ತಾವೇ ಹೊರತಂದು ಮಾರುತ್ತಿದ್ದರು. 2024ರ ಆಗಸ್ಟಿನಲ್ಲಿ ಬಂದ ‘ದಿ ಥೀಫ್ ನೆಕ್ಸ್ಟ್ ಟು ಜೀಸಸ್’ ಅವರ ಕೊನೆಯ ಆಲ್ಬಂ. ಅಕ್ಟೋಬರ್ 12ರಂದು 52ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಚರ್ಚುಗಳ ಗಾಸ್ಪೆಲ್ ಗಾಯನದ ತುಣುಕುಗಳನ್ನೇ ಹಿನ್ನೆಲೆಗೆ ಹಾಕಿಕೊಂಡು, ಕಪ್ಪು ಜನರ ಬದುಕಿನಲ್ಲಿ ಕ್ರೈಸ್ತ ಧರ್ಮ ಏನು ಮಾಡಿತು, ಏನು ಮಾಡಲಿಲ್ಲ ಎಂದು ಅವರು ಪಿಸುದನಿಯಲ್ಲಿ ವಿಚಾರಣೆ ನಡೆಸುತ್ತಾರೆ. ಡ್ರಮ್ ಬಹಳ ಕಡಿಮೆ. ಬಸ್ಸಿನ ಗದ್ದಲದಲ್ಲಿ ಇದನ್ನು ಕೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ಸಾಹಿತ್ಯವನ್ನು ಮುಂದಿಟ್ಟುಕೊಂಡೇ ಕೇಳಬೇಕು.

ಸಮಯ ಉಳಿದರೆ ರ‍್ಯಾಪ್ಸಡಿ ಅವರ ‘ಪ್ಲೀಸ್ ಡೋಂಟ್ ಕ್ರೈ’, ವಿನ್ಸ್ ಸ್ಟೇಪಲ್ಸ್ ಅವರ ‘ಡಾರ್ಕ್ ಟೈಮ್ಸ್’ ಮತ್ತು ಸ್ಕೂಲ್‌ಬಾಯ್ ಕ್ಯೂ ಅವರ ‘ಬ್ಲೂ ಲಿಪ್ಸ್’ ಕೇಳಿ. ಎಮಿನೆಮ್ ಅವರ ಜುಲೈ ಆಲ್ಬಂ ಬಿಟ್ಟರೂ ನಷ್ಟವಿಲ್ಲ. ಡಿಲಕ್ಸ್ ಆವೃತ್ತಿಗಳ ಗೋಜಿಗೂ ಹೋಗಬೇಡಿ. ಮೂಲ ಆಲ್ಬಂಗೆ ಉಳಿಕೆ ಹಾಡುಗಳನ್ನು ಸೇರಿಸಿ ಎಣಿಕೆ ಹೆಚ್ಚಿಸುವ ವ್ಯಾಪಾರವೇ ಅದರಲ್ಲಿ ಹೆಚ್ಚು.

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ. ಅವನು ಕೇಳುವ ಹೊಸ ರ‍್ಯಾಪ್ ಹಾಡುಗಳನ್ನು ನಾನೂ ಕೇಳಿ ತಿಳಿಯಬೇಕೆಂದಿದ್ದೇನೆ, ಆದರೆ ಮನೆಯಲ್ಲಿ ಎಲ್ಲರೆದುರು ಆ ಬೈಗುಳಗಳನ್ನು ಕೇಳಿಸಲಾಗದು. ದಾರಿಯಿದೆಯೆ?
— ಓದುಗರು, ಮೈಸೂರು

ಉತ್ತರ: ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹಾಡಿನ ಹೆಸರಿನ ಪಕ್ಕದಲ್ಲಿ ‘ಇ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದರಲ್ಲಿ ಅಶ್ಲೀಲ ಪದಗಳಿವೆಯೆಂದು ತಿಳಿಯಬೇಕು. ಹೆಸರಾಂತ ಆಲ್ಬಂಗಳಲ್ಲಿ ಹಲವಕ್ಕೆ ‘ಕ್ಲೀನ್’ ಎಂಬ ಬೇರೆ ಆವೃತ್ತಿ ಇರುತ್ತದೆ. ಅದರಲ್ಲಿ ಬೈಗುಳದ ಜಾಗ ಖಾಲಿಯಾಗಿರುತ್ತದೆ. ಪದ ಅಳಿಸಿದರೂ ವಿಷಯ ಅಳಿಯುವುದಿಲ್ಲವೆಂಬುದು ನಿಮ್ಮ ಗಮನದಲ್ಲಿರಲಿ. ‘ಜೀನಿಯಸ್’ ಜಾಲತಾಣದಲ್ಲಿ ಸಾಹಿತ್ಯದ ಜೊತೆಗೆ ಸಾಲುಸಾಲಿಗೆ ಟಿಪ್ಪಣಿ ಸಿಗುತ್ತದೆ, ಆದರೆ ಅವುಗಳಲ್ಲಿ ಹೆಚ್ಚಿನವನ್ನು ಬರೆದವರು ಅಭಿಮಾನಿಗಳಾದ್ದರಿಂದ ಎಲ್ಲವನ್ನೂ ನಂಬಬೇಕಾಗಿಲ್ಲ.

ಹಳೆಯ ಕಾಲದ ಸಂಗೀತದ ರುಚಿಯಿದ್ದರೆ ನಿಮಗೆ ಕಾಮನ್ ಮತ್ತು ಪೀಟ್ ರಾಕ್ ಜೊತೆಯಾಗಿ ಜುಲೈ 12ರಂದು ತಂದ ‘ದಿ ಆಡಿಟೋರಿಯಂ, ವಾಲ್ಯೂಮ್ 1’ ಹಿಡಿಸಬಹುದು. ‘ಸೋಲ್’ ಎಂಬ ಅಮೆರಿಕದ ಕಪ್ಪು ಜನರ ಸಂಗೀತದ ಹಳೆಯ ರೆಕಾರ್ಡುಗಳ ತುಣುಕುಗಳಿಂದ ಬೀಟ್ ಕಟ್ಟುವುದರಲ್ಲಿ ಪೀಟ್ ರಾಕ್ 1990ರ ದಶಕದಿಂದಲೂ ಪಳಗಿದ ಕೈ. ಹದಿನೊಂದು ವರ್ಷಗಳ ಬಳಿಕ ಎಲ್‌ಎಲ್ ಕೂಲ್ ಜೆ ಸೆಪ್ಟೆಂಬರಿನಲ್ಲಿ ತಂದ ಆಲ್ಬಂ ಸಹ ಇದೇ ಜಾಡಿನದು. ಮಗನಿಗೆ ಇವು ಹಳಸಲೆನಿಸಿದರೆ ಬೇಸರಿಸಬೇಡಿ, ಅವನ ಪಟ್ಟಿಯಿಂದ ಡೋಚಿಯನ್ನು ಆರಿಸಿಕೊಳ್ಳಿ.

ಪ್ರಶ್ನೆ: 2024ರ ಹಿಪ್‌ಹಾಪ್ ಕಥೆಯಲ್ಲಿ ನಮ್ಮ ಬೆಂಗಳೂರಿಗೆ ಜಾಗವಿದೆಯೆ?
— ಓದುಗರು, ಬೆಂಗಳೂರು

ಉತ್ತರ: ಇದೆ. ಜುಲೈಯಲ್ಲಿ ಬಂದು ವಿಶ್ವದಾದ್ಯಂತ ಹಬ್ಬಿದ ‘ಬಿಗ್ ಡಾಗ್ಸ್’ ಹಾಡಿದ ಹನುಮಾನ್‌ಕೈಂಡ್ ಅವರ ನಿಜನಾಮ ಸೂರಜ್ ಚೆರುಕಾಟ್. ಹುಟ್ಟು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಬಾಲ್ಯದ ಹಲವು ವರ್ಷ ಅಮೆರಿಕದ ಹ್ಯೂಸ್ಟನ್ನಿನಲ್ಲಿ, ರ‍್ಯಾಪರ್ ಆಗಿ ಬೆಳೆದದ್ದು ಬೆಂಗಳೂರಿನಲ್ಲಿ. ಸಂಗೀತ ನಿರ್ಮಾಣ ಕಲ್ಮಿ ಅವರದು. ನಮ್ಮ ಜಾತ್ರೆಗಳಲ್ಲಿಯೂ ಕಾಣುವ ಮರಣಬಾವಿಯೊಳಗೆ ಅದರ ವಿಡಿಯೊ ಚಿತ್ರೀಕರಿಸಲಾಗಿದೆ: ಬೈಕುಗಳೂ ಕಾರೂ ಹಲಗೆಯ ಗೋಡೆಯ ಮೇಲೆ ಸುತ್ತು ಹೊಡೆಯುತ್ತಿರುವಾಗ ಕೆಳಗೆ ನಿಂತು ಅವರು ರ‍್ಯಾಪ್ ಮಾಡುತ್ತಾರೆ. ವರ್ಷದ ಕೊನೆಯಲ್ಲಿ ಎಸ್ಯಾಪ್ ರಾಕಿ ಸೇರಿಕೊಂಡ ಆವೃತ್ತಿಯೂ ಬಂತು. ಮೂಲದ ಬಿಗಿ ಅದರಲ್ಲಿಲ್ಲ. ಹಾಡು ಪೂರ್ತಿ ಇಂಗ್ಲಿಷಿನಲ್ಲಿದೆ, ಅದರ ಉಚ್ಚಾರಣೆ ಮತ್ತು ಠೀವಿ ಹ್ಯೂಸ್ಟನ್ನಿನವು. ಇದನ್ನು ಕನ್ನಡ ರ‍್ಯಾಪ್‌ನ ಗೆಲುವೆಂದು ಹೇಳಿಕೊಳ್ಳುವುದು ಸರಿಯಲ್ಲ, ಬೆಂಗಳೂರಿನಲ್ಲಿ ನೆಲೆ ಕಂಡುಕೊಂಡ ಕಲಾವಿದರೊಬ್ಬರ ಗೆಲುವೆನ್ನಲು ಅಡ್ಡಿಯಿಲ್ಲ.