ಮನೆವಾರ್ತೆ: ಡಬ್ಬಿಯ ತಳ ಕಾಣುವ ಮೊದಲು

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ. ತಿಂಗಳ ಒಂದನೇ ತಾರೀಖಿಗೇ ದಿನಸಿ ತರುತ್ತೇವೆ. ಆದರೂ ಇಪ್ಪತ್ತಕ್ಕೆ ತೊಗರಿಬೇಳೆ ಖಾಲಿ, ಅದೇ ಹೊತ್ತಿಗೆ ರವೆಯಲ್ಲಿ ಹುಳ. ಎಲ್ಲಿ ತಪ್ಪುತ್ತಿದ್ದೇವೆ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ತಪ್ಪು ಚೀಟಿಯಲ್ಲಿದೆ. ಹೋದ ತಿಂಗಳ ಚೀಟಿಯನ್ನೇ ಮತ್ತೆ ಬರೆಯುವುದು, ಇಲ್ಲವೇ ಡಬ್ಬಿಯ ತಳ ಕಂಡ ಮೇಲೆ ಬರೆಯುವುದು ಬಹಳ ಮನೆಗಳ ರೂಢಿ. ದಿನಕ್ಕೆ ಎಷ್ಟು ಖರ್ಚಾಗುತ್ತದೆ ಎನ್ನುವುದು ಈ ಎರಡರಿಂದಲೂ ತಿಳಿಯುವುದಿಲ್ಲ.

ಒಂದು ಕೆಜಿ ಬೇಳೆಯ ಪ್ಯಾಕೆಟ್ ಒಡೆದ ದಿನ ಡಬ್ಬಿಗೆ ಟೇಪ್ ಅಂಟಿಸಿ ತಾರೀಖು ಬರೆಯಿರಿ. ಮುಗಿದ ತಾರೀಖನ್ನೂ ಬರೆಯಿರಿ. 8 ದಿನ ಬಂತೆಂದರೆ ದಿನಕ್ಕೆ 125 ಗ್ರಾಂ, ತಿಂಗಳಿಗೆ ಮೂರೂಮುಕ್ಕಾಲು ಕೆಜಿ. ಎರಡೂವರೆ ಕೆಜಿ ತಂದರೆ ಇಪ್ಪತ್ತನೇ ದಿನಕ್ಕೆ ಮುಗಿಯಲೇಬೇಕು. ಪಾವಿನ ಲೆಕ್ಕ ನಂಬಬೇಡಿ: ಒಬ್ಬರು ತಲೆ ಸವರಿ ಅಳೆಯುತ್ತಾರೆ, ಇನ್ನೊಬ್ಬರು ಗೋಪುರ ಏರಿಸಿ ಅಳೆಯುತ್ತಾರೆ.

ಇನ್ನು, ಯಾವಾಗ ಬರೆಯಬೇಕು? ನಾಲ್ಕು ದಿನದ ಬೇಳೆ, ಅಂದರೆ ಅರ್ಧ ಕೆಜಿ, ಸಣ್ಣ ಕವರಿನಲ್ಲಿ ಕಟ್ಟಿ ಅದೇ ಡಬ್ಬಿಯ ತಳದಲ್ಲಿಡಿ. ಆ ಕವರ್ ಬಿಚ್ಚಿದವರು ಆಗಲೇ ಚೀಟಿಗೆ ‘ಬೇಳೆ’ ಎಂದು ಬರೆಯಬೇಕು. ಹೊಸ ಬೇಳೆ ಬಂದಾಗ ಮೊದಲು ಆ ಕವರ್ ತುಂಬಿ ತಳಕ್ಕಿಡಿ. ಅಕ್ಕಿ, ಎಣ್ಣೆ, ಕಾಫಿಪುಡಿಗೂ ಹೀಗೆಯೇ ಮೀಸಲು ಇರಲಿ.

ಹುಳದ ಮಾತು. ಹುಳದ ಮೊಟ್ಟೆ ಅನೇಕ ಸಲ ಅಂಗಡಿಯಿಂದಲೇ ಬಂದಿರುತ್ತದೆ. ಹಳೆಯದು ಮುಗಿಯುವ ಮೊದಲೇ ಮೇಲೆ ಹೊಸದು ಸುರಿದರೆ ಹಳೆಯದು ತಳದಲ್ಲೇ ಉಳಿದು, ಅಲ್ಲಿನ ಹುಳ ಹೊಸದಕ್ಕೂ ಹತ್ತುತ್ತದೆ. ಡಬ್ಬಿ ಖಾಲಿ ಮಾಡಿ, ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲಷ್ಟೇ ತುಂಬಿ. ರವೆಯನ್ನು ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ, ಹಗುರಾಗುವವರೆಗೆ ಹುರಿದು, ತಟ್ಟೆಯಲ್ಲಿ ಹರಡಿ, ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆ ಮುಚ್ಚಳದಲ್ಲಿ ನೀರಾಗಿ ಇಳಿದು ರವೆ ಗಂಟು ಕಟ್ಟುತ್ತದೆ, ಬೂಸ್ಟು ಹಿಡಿಯುತ್ತದೆ. ತೊಗರಿಬೇಳೆಯನ್ನು ಬಿಸಿಲಿಗೆ ಹಾಕಿ ಆರಿಸಿ, ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರಿಡಿ. ಬೇಯಿಸುವಾಗ ಬಿಸಿನೀರಿನಲ್ಲಿ ತೊಳೆದರಾಯಿತು. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ. ಕಾಳು ಬಿರುಕು ಬಿಟ್ಟು ನುಚ್ಚಾಗುತ್ತದೆ, ಅನ್ನ ಮುದ್ದೆಯಾಗುತ್ತದೆ. ನೆರಳಿನಲ್ಲಿ ಗಾಳಿಯಾಡಿಸಿ ಜರಡಿ ಹಿಡಿದರೆ ಸಾಕು.

ಎಲ್ಲವನ್ನೂ ತಿಂಗಳ ಲೆಕ್ಕಕ್ಕೆ ತರಬೇಕೆಂದೇನೂ ಇಲ್ಲ. ಮಳೆಗಾಲದಲ್ಲಿ ರವೆ, ಕಡಲೆಬೀಜ ಹದಿನೈದು ದಿನಕ್ಕಾಗುವಷ್ಟು ತಂದರೆ ಸಾಕು. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಬೇಸಿಗೆಯಲ್ಲೇ ವರ್ಷಕ್ಕಾಗುವಷ್ಟು ಕೊಳ್ಳುವುದು ಲೇಸು. ಒಣಗಿಸಿಡಲು ಬಿಸಿಲೂ ಸಿಗುತ್ತದೆ. ಹುಣಸೆಯನ್ನು ಬೀಜ, ನಾರು ತೆಗೆದು ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಪ್ರಶ್ನೆ: ಗ್ಯಾಸ್ ಸಿಲಿಂಡರ್ ಒಮ್ಮೆ 40 ದಿನ ಬಂದರೆ ಇನ್ನೊಮ್ಮೆ 30 ದಿನಕ್ಕೇ ಮುಗಿಯುತ್ತದೆ. ಯಾಕೆ? (ಶಿರಸಿ)

ಉತ್ತರ: ಮೊದಲು ತೂಕ ನೋಡಿ. ಗೃಹಬಳಕೆಯ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆಜಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. 15.3 ಎಂದಿದ್ದರೆ ಒಟ್ಟು 29.5 ಕೆಜಿ ತೂಗಬೇಕು. ತಂದುಕೊಡುವವರ ಎದುರಿಗೇ ತೂಗಿಸಿ, ಜೋಡಿಸಿದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆದಿಡಿ.

ತೂಕ ಸರಿಯಿದ್ದರೆ ಒಲೆ ನೋಡಿ. ಉರಿ ಹಳದಿಯಾಗಿ, ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೂತುಗಳು ಕಟ್ಟಿವೆ. ತಣ್ಣಗಾದ ಮೇಲೆ ತೆಗೆದು ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿ ಹಾಕಿ. ಬೇಳೆ ಅರ್ಧ ಗಂಟೆ ನೆನೆಯಲಿ. ಕುಕ್ಕರಿನ ಮೊದಲ ಸೀಟಿ ಆದೊಡನೆ ಉರಿ ಸಣ್ಣ ಮಾಡಿ. ದೊಡ್ಡ ಉರಿಯಲ್ಲಿ ನಾಲ್ಕೈದು ಸೀಟಿ ಕೂಗಿಸುವುದು ಬರಿಯ ಹಬೆ ಹೊರಹಾಕಿದಂತೆ. ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರನ್ನು ಒದ್ದೆ ಬಟ್ಟೆಯಿಂದ ಒರೆಸಿ: ಗ್ಯಾಸ್ ಇರುವ ಮಟ್ಟದವರೆಗೆ ತೇವ ನಿಧಾನ ಆರುತ್ತದೆ, ಮೇಲಿನ ಭಾಗ ಬೇಗ ಒಣಗುತ್ತದೆ. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಅದಕ್ಕೂ ಮೊದಲೇ ಬಿರುಕು ಕಂಡರೆ ಒಂದು ದಿನವೂ ಕಾಯಬೇಡಿ.

ಪ್ರಶ್ನೆ: ಕೆಲಸ ಹಂಚಿಕೊಂಡಿದ್ದೇವೆ. ಆದರೂ ಎಲ್ಲವನ್ನೂ ನಾನೇ ನೆನಪಿಸಬೇಕು. (ಮೈಸೂರು)

ಉತ್ತರ: ಹಾಗಾದರೆ ನೀವು ಕೆಲಸ ಹಂಚಿಲ್ಲ, ಕೆಲಸದ ತುಂಡು ಹಂಚಿದ್ದೀರಿ. ಮೊಸರನ್ನೇ ನೋಡಿ: ಹಾಲು ತರುವುದು, ಕಾಯಿಸುವುದು, ಉಗುರುಬೆಚ್ಚಗಾಗುವವರೆಗೆ ಆರಿಸುವುದು, ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಹಾಕುವುದು, ಚಳಿಗಾಲದಲ್ಲಿ ಪಾತ್ರೆಯನ್ನು ಬೆಚ್ಚಗಿಡುವುದು, ಊಟಕ್ಕೆ ಬಡಿಸುವ ಮೊದಲು ನಾಳೆಯ ಹೆಪ್ಪು ಎತ್ತಿಡುವುದು. ಇಷ್ಟೂ ಒಬ್ಬರದೇ ಆಗಲಿ. ಹೆಪ್ಪು ಎತ್ತಿಡಲು ಮರೆತರೆ ಪಕ್ಕದ ಮನೆಯಿಂದ ಕೇಳಿ ತರುವುದೂ ಅವರದೇ. ಮೊದಲ ಒಂದೆರಡು ವಾರ ಮೊಸರು ಹುಳಿಯಾದೀತು, ಗಟ್ಟಿಯಾಗದೆ ಹೋದೀತು. ಆಗ ನೀವು ಕೈ ಹಾಕದಿದ್ದರೆ ಮಾತ್ರ ಆ ಕೆಲಸ ಅವರದಾಗಿ ಉಳಿಯುತ್ತದೆ.