ಸಿದ್ದಾಪುರದ ಕಡೆಗೆ ಬರುತ್ತಿದ್ದೇವೆ, ಮಕ್ಕಳನ್ನು ಹೈಸ್ಕೂಲಿಗೆ ಸೇರಿಸುವ ಮುಂಚೆ ಏನೇನು ವಿಚಾರಿಸಬೇಕು?

ನಿಮ್ಮ ಯಜಮಾನರಿಗೆ ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ, ಹಾಜರಿ ಬರೆಯುವ ಗುಮಾಸ್ತ) ಕೆಲಸ ಸಿಕ್ಕಿದೆ, ಅರಕಲಗೂಡು ಕಡೆಯ ಹಳ್ಳಿಯಿಂದ ಜೂನ್‌ಗೆ ಬರುತ್ತೀರಿ, ಮಗಳು ಒಂಬತ್ತಕ್ಕೆ, ಮಗ ಎಂಟಕ್ಕೆ ಎಂದು ಬರೆದಿದ್ದೀರಿ. ಹತ್ತಿರದ ಸರ್ಕಾರಿ ಪ್ರೌಢಶಾಲೆಯೋ ವಿರಾಜಪೇಟೆಯ ಖಾಸಗಿ ಶಾಲೆಯೋ ಇನ್ನೂ ತೀರ್ಮಾನವಾಗಿಲ್ಲ. ಆಫೀಸು, ಲೈಬ್ರರಿ, ಮಾರ್ಗದರ್ಶನ ಇವೆಲ್ಲ ಹೇಗಿರುತ್ತವೆ ಎಂಬುದು ಪ್ರಶ್ನೆ. ನಾನು ಈ ಕೊಡಗು ಜಿಲ್ಲೆಯ ಪ್ರೌಢಶಾಲೆಗಳ ಆಫೀಸಿನಲ್ಲೇ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ನಿವೃತ್ತನಾದವನು. ಆಫೀಸಿನ ಬಗ್ಗೆ ನಾಲ್ಕು ಮಾತು ಹೆಚ್ಚು ಬಂದರೆ ಸಹಿಸಿಕೊಳ್ಳಿ.

ಸೇರಿಸಲು ಬಂದವರೆಲ್ಲ ಕೇಳುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇಕಡಾ ಎಷ್ಟು ಅಂತ. ಆಮೇಲೆ ಲೈಬ್ರರಿ ಇದೆಯಾ, ಕಂಪ್ಯೂಟರ್ ಇದೆಯಾ. 'ಇದೆಯಾ' ಎಂದು ಕೇಳಿದರೆ ಯಾವ ಶಾಲೆಯಲ್ಲೂ 'ಇದೆ' ಎಂದೇ ಉತ್ತರ. ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಒಬ್ಬರ ಹೆಸರು ಥಟ್ಟನೆ ಬಂದರೆ ಆ ಕೆಲಸ ನಡೆಯುತ್ತಿದೆ. ಮುಖ ಮುಖ ನೋಡಿಕೊಂಡರೆ ಗೊತ್ತಾಯಿತಲ್ಲ.

ಮೊದಲು ದಾಖಲೆ. ಈಗ ಟಿಸಿ ಎಂದರೆ ಕಾಗದವಷ್ಟೇ ಅಲ್ಲ. ಹಳೆ ಶಾಲೆಯವರು ವಿದ್ಯಾರ್ಥಿಗಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವನ್ನು ಬಿಟ್ಟುಕೊಡಬೇಕು, ಹೊಸ ಶಾಲೆಯವರು ಅಲ್ಲೇ ಸೇರಿಸಿಕೊಳ್ಳಬೇಕು. ಇಬ್ಬರ ಸ್ಯಾಟ್ಸ್ ಸಂಖ್ಯೆಯನ್ನೂ ಬರೆದಿಟ್ಟುಕೊಂಡೇ ಊರು ಬಿಡಿ, ಮುಂದೆ ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಸಿಇಟಿ ಪ್ರವೇಶ ಪರೀಕ್ಷೆಯ ಅರ್ಜಿಯವರೆಗೂ ಅದು ಬೆನ್ನು ಬಿಡುವುದಿಲ್ಲ. ಮಗನದು ಎಂಟನೇ ತರಗತಿಯಾದ್ದರಿಂದ 2009ರ ಶಿಕ್ಷಣ ಹಕ್ಕು ಕಾಯ್ದೆ ಅವನಿಗೆ ಅನ್ವಯಿಸುತ್ತದೆ. ಟಿಸಿ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆಯವರು ಅವನನ್ನು ಹೊರಗೆ ನಿಲ್ಲಿಸುವಂತಿಲ್ಲ. ಮಗಳು ಒಂಬತ್ತು, ಅವಳಿಗೆ ಆ ರಕ್ಷಣೆ ಇಲ್ಲ, ಅವಳ ಟಿಸಿ ಮೊದಲು ಮಾಡಿಸಿ. ಇದನ್ನೆಲ್ಲ ಮಳೆ ಹಿಡಿಯುವುದಕ್ಕೆ ಮುಂಚೆ ಮುಗಿಸಿದರೆ ಒಳ್ಳೆಯದು. ಜೂನ್ ನಂತರ ಇಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ, ಗುಮಾಸ್ತ ಎಷ್ಟೇ ಒಳ್ಳೆಯವನಾದರೂ ಒಟಿಪಿ ಬರಬೇಕಲ್ಲ.

ಸೇರಿಸುವ ದಿನ ದಾಖಲಾತಿ ವಹಿಯಲ್ಲಿ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ತಾರೀಖು, ಜಾತಿ ಹೇಗೆ ಬರೆದಿದ್ದಾರೆಂದು ಅಕ್ಷರ ಅಕ್ಷರ ಓದಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುವುದು ಅದೇ. ಕೊಡಗಿನಲ್ಲಂತೂ ಇದು ದೊಡ್ಡ ತಲೆನೋವು. ಇಲ್ಲಿನವರಿಗೆ ಮನೆತನದ ಹೆಸರು ಮುಂದೆ ಬರುತ್ತದೆ, ಆಧಾರ್‌ನಲ್ಲಿ ಅದು ಪೂರ್ತಿ, ವಹಿಯಲ್ಲಿ ಇನಿಶಿಯಲ್ ಮಾತ್ರ, ಬ್ಯಾಂಕಿನಲ್ಲಿ ಮೂರನೇ ತರಹ. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಿಸಿದ ಖಾತೆಗೇ ಬರುವುದರಿಂದ ಹೆಸರು ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಹತ್ತನೇ ತರಗತಿಯ ನೋಂದಣಿಗೆ ಮುಂಚೆಯಾದರೆ ಎಷ್ಟೋ ತಪ್ಪನ್ನು ಸುಲಭವಾಗಿ ಸರಿಪಡಿಸಬಹುದು. ಅಂಕಪಟ್ಟಿ ಅಚ್ಚಾದ ಮೇಲೆ ಬೋರ್ಡಿನ ತನಕ ಓಡಾಟ, ಜನ್ಮದಿನಾಂಕವಾದರೆ ಕೋರ್ಟಿನ ಮೆಟ್ಟಿಲು ಹತ್ತುವುದೂ ಉಂಟು.

ಈಗ ಹಳ್ಳಿಯೋ ಪೇಟೆಯೋ ಎಂಬ ವಿಷಯ. ಯಾರೂ ನಿಮಗೆ ಹೇಳಿರಲಾರರು. ಸಿಇಟಿಯಲ್ಲಿ ಶೇ. 15 ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮಕ್ಕಳು ಇಲ್ಲಿಯವರೆಗೆ ಹಳ್ಳಿಯಲ್ಲಿ ಕನ್ನಡದಲ್ಲೇ ಓದಿದ್ದಾರೆ. ಮಗಳು ಇನ್ನೆರಡು ವರ್ಷಕ್ಕೆ ವಿರಾಜಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋದಳೆಂದರೆ ಎಂಟು ವರ್ಷ ಕೂಡಿಟ್ಟಿದ್ದು ಎರಡೂ ಕೈಬಿಡುತ್ತದೆ. ಅದಕ್ಕಾಗಿಯೇ ಹಳ್ಳಿ ಶಾಲೆಗೆ ಹಾಕಿ ಎನ್ನುತ್ತಿಲ್ಲ, ಗೊತ್ತಿದ್ದು ತೀರ್ಮಾನ ಮಾಡಿ. ಅರಕಲಗೂಡು ಕಡೆಯ ಶಾಲೆಗಳಿಂದ ವ್ಯಾಸಂಗ ಪ್ರಮಾಣ ಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಈಗಲೇ ಹಾಕಿಸಿಕೊಂಡು ಬನ್ನಿ. ಪಿಯುಸಿ ಮುಗಿಯುವ ಹೊತ್ತಿಗೆ ಆ ಮುಖ್ಯ ಶಿಕ್ಷಕರು ಎಲ್ಲಿರುತ್ತಾರೋ.

ಮಗನ ಬಗ್ಗೆ ಇನ್ನೊಂದು: ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು, ಶಾಲೆ ಸರ್ಕಾರಿ ಅಥವಾ ಅನುದಾನಿತ ಆಗಿರಬೇಕು. ಕಳೆದ ವರ್ಷ ಎಷ್ಟು ಮಕ್ಕಳನ್ನು ಈ ಪರೀಕ್ಷೆಗೆ ಕೂರಿಸಿದ್ದೀರಿ ಎಂದು ಕೇಳಿ ನೋಡಿ. ಶಾಲೆಯ ಫಲಿತಾಂಶಕ್ಕಿಂತ ಈ ಉತ್ತರವೇ ಆ ಆಫೀಸಿನ ಬಗ್ಗೆ ಹೆಚ್ಚು ಹೇಳುತ್ತದೆ.

ಮಾರ್ಗದರ್ಶನಕ್ಕೆಂದೇ ಪ್ರತ್ಯೇಕ ಕೌನ್ಸೆಲರ್ ಇರುವ ಹೈಸ್ಕೂಲು ನಮ್ಮ ಕಡೆ ಹುಡುಕಬೇಕು. ಆ ಕೆಲಸ ತರಗತಿ ಶಿಕ್ಷಕರದೇ, ಇಲ್ಲವೇ ಹೆಣ್ಣುಮಕ್ಕಳು ತಾವಾಗಿ ಹೋಗಿ ಮಾತಾಡುವ ಯಾರೋ ಒಬ್ಬ ಮೇಡಂದು. ಅವರು ಯಾರೆಂದು ಹಳೆ ವಿದ್ಯಾರ್ಥಿನಿಯರನ್ನು ಕೇಳಿದರೆ ಕ್ಷಣದಲ್ಲಿ ಹೇಳುತ್ತಾರೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ದೊಡ್ಡ ಮಕ್ಕಳು ಆಗ ಶಾಲೆಗೆ ಬರುವುದು ಕಡಿಮೆ, ಪೂರ್ವಸಿದ್ಧತಾ ಪರೀಕ್ಷೆಯೂ ಅದೇ ಹೊತ್ತಿಗೆ. ಎಸ್‌ಎಸ್‌ಎಲ್‌ಸಿಗೆ ಕೂರಲು ಶೇ. 75 ಹಾಜರಾತಿ ಬೇಕು. ಎರಡು ದಿನ ಬಾರದ ಮಗುವನ್ನು ಹುಡುಕಿಕೊಂಡು ಲೈನಿಗೆ ಹೋಗುವ ಮೇಷ್ಟ್ರು ಇದ್ದರೆ ಅದೇ ನಿಜವಾದ ಮಾರ್ಗದರ್ಶನ ವಿಭಾಗ, ಬೋರ್ಡು ಇಲ್ಲದಿದ್ದರೂ ಸರಿ. ತೋಟದ ರೈಟರ್ ಮನೆಯವರಾದ ನಿಮಗೆ ಇದು ನಾಳೆ ಬೇರೆ ರೀತಿಯಲ್ಲೂ ಕೆಲಸಕ್ಕೆ ಬಂದೀತು.

ಹತ್ತನೆಯವರಿಗೆ ಸಂಜೆ ವಿಶೇಷ ತರಗತಿ ಇರುತ್ತದೆ. ಒಳ್ಳೆಯದೇ. ಆದರೆ ಸಿದ್ದಾಪುರ ಸುತ್ತಮುತ್ತ ಆನೆ ರಸ್ತೆಗೇ ಬರುತ್ತದೆ. ತರಗತಿ ಎಷ್ಟಕ್ಕೆ ಬಿಡುತ್ತಾರೆ, ತೋಟದ ಒಳದಾರಿ ಹಿಡಿಯುವ ಮಕ್ಕಳ ಜೊತೆ ಯಾರು ಎಂದು ಮುಲಾಜಿಲ್ಲದೆ ಕೇಳಿ. ಬಸ್ಸಿನ ಸಮಯವನ್ನೂ ನೋಡಿ. ಶಕ್ತಿ ಯೋಜನೆಯಲ್ಲಿ ಮಗಳಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಇಲ್ಲಿ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸೇ, ಅದರಲ್ಲಿ ನಡೆಯದು. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416, ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆ ಮಕ್ಕಳಿಗೇ ಬಾಯಿಪಾಠವಾಗಿರಲಿ.

ಲೈಬ್ರರಿ. ಹೆಚ್ಚಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರಿಲ್ಲ, ಯಾರಾದರೂ ಶಿಕ್ಷಕರಿಗೆ ಹೆಚ್ಚುವರಿ ಹೊಣೆ ಹಚ್ಚಿರುತ್ತಾರೆ. ಪುಸ್ತಕಕ್ಕೆ ಅಷ್ಟೊಂದು ಬರವಿಲ್ಲ, ಬರ ಇರುವುದು ಬೀರುವಿನ ಬೀಗದ ಕೈಗೆ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಆ ಶಿಕ್ಷಕರೇ ಆದ್ದರಿಂದ ಕೊಡದೇ ಇರುವುದೇ ಕ್ಷೇಮ ಎಂದುಕೊಳ್ಳುತ್ತಾರೆ. ಅದರ ಮೇಲೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಬೀರು ತೆರೆದರೆ ಮುಗ್ಗಲು ವಾಸನೆ, ರಟ್ಟಿನ ಮೇಲೆ ಬಿಳಿ ಬೂಷ್ಟು. ಕೈಯಿಂದ ಕೈಗೆ ಓಡಾಡುವ ಪುಸ್ತಕಕ್ಕೆ ಬೂಷ್ಟು ಹಿಡಿಯುವುದಿಲ್ಲ ಎಂದು ನಾನು ವಾದ ಮಾಡಿದ್ದುಂಟು. ಗೆದ್ದ ಶಾಲೆಯೂ ಇದೆ, ಸೋತ ಶಾಲೆಯೂ ಇದೆ. ನೀವು ವಿತರಣಾ ವಹಿ ತೋರಿಸಿ ಎನ್ನಿ. ಮಳೆಗಾಲದ ತಿಂಗಳುಗಳಲ್ಲಿ ಮಕ್ಕಳ ಹೆಸರಿದ್ದರೆ ಅದು ಲೈಬ್ರರಿ. ವೇಳಾಪಟ್ಟಿಯಲ್ಲಿ ಲೈಬ್ರರಿ ಪೀರಿಯಡ್ ಇದ್ದು, ಅದರಲ್ಲಿ ಗಣಿತ ನಡೆಯುತ್ತಿದ್ದರೆ ಅಲ್ಲ.

ಶಾಲೆಯದು ಸರಿಯಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ, ಈಗ ಅರಿವು ಕೇಂದ್ರ ಎನ್ನುತ್ತಾರೆ. 18 ವರ್ಷದೊಳಗಿನ ಮಕ್ಕಳಿಗೆ ಸದಸ್ಯತ್ವ ಉಚಿತ. ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಕೆಲವೊಮ್ಮೆ ಸಾಲು ಸಾಲಾಗಿ. ಆ ದಿನಗಳಲ್ಲಿ ಲೈನ್ ಮನೆಯೋ ಕ್ವಾರ್ಟರ್ಸೋ, ಒಳಗೆ ಕೂತ ಮಕ್ಕಳಿಗೆ ಮೊಬೈಲ್ ಚಾರ್ಜೂ ಇರುವುದಿಲ್ಲ. ಆದ್ದರಿಂದ ಜೂನ್ ಮೊದಲ ವಾರದಲ್ಲೇ ಇಬ್ಬರ ಹೆಸರನ್ನೂ ಬರೆಸಿ, ಎರಡೆರಡು ಪುಸ್ತಕ ಮನೆಗೆ ತಂದಿಡಿ.