ಘಾಟಿನಲ್ಲಿ ನಿಲ್ಲುವ ಹಳೆ ಡೀಸೆಲ್ ಪಿಕಪ್: ಪಂಪೂ ಬಿಚ್ಚಬೇಡಿ, ಎಂಜಿನ್ನೂ ಇಳಿಸಬೇಡಿ

ಗಾಡಿ ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ, ಲೋಡ್ ಹಾಕಿ ಘಾಟ್ ಹತ್ತಿಸಿದರೆ ನಿಲ್ಲುತ್ತದೆ, ಹ್ಯಾಂಡ್ ಪಂಪ್ (ಕೈಯಿಂದ ಒತ್ತಿ ಡೀಸೆಲ್ ಏರಿಸುವ ಸಣ್ಣ ಪಂಪ್) ಹೊಡೆದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ದೊಡ್ಡ ಡೀಸೆಲ್ ಪಂಪ್ ರಿಪೇರಿ ಮಾಡಿಸಲಾ, ಎಂಜಿನ್ ಇಳಿಸಿ ಬೋರ್ ಮಾಡಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ ಮಾರಾಯ್ರೇ. ಹ್ಯಾಂಡ್ ಪಂಪಿಗೆ ಸರಿಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಪಿಸ್ಟನ್ ರಿಂಗ್ ಸವೆದ ಎಂಜಿನ್ ಹ್ಯಾಂಡ್ ಪಂಪ್ ಹೊಡೆದರೆ ಸರಿಹೋಗುತ್ತದಾ?

ನನ್ನದೂ ಹಳೆ ಪಿಕಪ್, ಹಳೆ ನಮೂನೆಯ ಮೆಕ್ಯಾನಿಕಲ್ ಇನ್‌ಲೈನ್ ಡೀಸೆಲ್ ಪಂಪಿನದು. ಸಾಣಿಕಟ್ಟಾದಿಂದ ಉಪ್ಪು ತುಂಬಿಕೊಂಡು ದೇವಿಮನೆ ಘಾಟ್ ಹತ್ತಿ ಶಿರಸಿಗೆ ಬರುವ ಬಾಡಿಗೆ. ಕತಗಾಲದವರೆಗೆ ಏನೂ ತೊಂದರೆ ಇಲ್ಲ. ಘಾಟ್ ಶುರುವಾದ ಮೇಲೆ ಎಳೆತ ಕಡಿಮೆಯಾಗುತ್ತಾ ಹೋಗಿ ತಟಕ್ಕನೆ ಆಫ್. ಕಪ್ಪು ಹೊಗೆಯೂ ಇಲ್ಲ, ನೀಲಿ ಹೊಗೆಯೂ ಇಲ್ಲ. ಗ್ಯಾರೇಜಿನಲ್ಲಿ ಪಂಪ್ ಹೋಗಿದೆ ಅಂದರು. ನಾನು ಒಪ್ಪಿದೆ. ಪಂಪ್ ಬಿಚ್ಚಿಸಿ ಹುಬ್ಬಳ್ಳಿಗೆ ಕಳಿಸಿದ್ದಾಯಿತು. ಪಂಪಿನೊಳಗಿನ ಎಲಿಮೆಂಟ್, ಡೆಲಿವರಿ ವಾಲ್ವ್, ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ನಾಝಲ್ ಎಲ್ಲ ಹೊಸದು. ಆ ಮಳೆಗಾಲಕ್ಕೆಂದು ಇಟ್ಟಿದ್ದ ದುಡ್ಡೆಲ್ಲ ಅದಕ್ಕೇ ಹೋಯಿತು.

ಪಂಪ್ ಕೂರಿಸಿ ಟ್ರಯಲ್‌ಗೆ ಹೊರಡುವ ಮೊದಲು ಟ್ಯಾಂಕ್ ಫುಲ್ ಮಾಡಿಸಿದೆ. ನಾನು ಕೆಟ್ಟಿದ್ದು ಇಲ್ಲೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಡಿ ಘಾಟನ್ನು ಆರಾಮಾಗಿ ಹತ್ತಿತು. ಪಂಪ್ ಮಾಡಿಸಿದ್ದಕ್ಕೇ ಸರಿಯಾಯಿತು ಎಂದು ನಂಬಿದೆ. ಆದರೆ ನಾನು ಬದಲಾಯಿಸಿದ್ದು ಎರಡು: ಪಂಪ್ ಒಂದು, ಟ್ಯಾಂಕಿನಲ್ಲಿದ್ದ ಡೀಸೆಲ್ ಮಟ್ಟ ಇನ್ನೊಂದು. ಮೊದಲೆಲ್ಲ ಅರ್ಧ ಟ್ಯಾಂಕಿನಲ್ಲೇ ಓಡಿಸುತ್ತಿದ್ದೆ, ಬಾಡಿಗೆ ಬಂದ ಹಾಗೆ ಡೀಸೆಲ್ ಹಾಕುವುದು ನಮ್ಮೆಲ್ಲರ ಅಭ್ಯಾಸ ಅಲ್ವಾ. ಮಟ್ಟ ಇಳಿದ ಮೇಲೆ ಅದೇ ಘಾಟಿನಲ್ಲಿ ಗಾಡಿ ಮತ್ತೆ ನಿಂತಿತು. ಆಗ ಟ್ಯಾಂಕ್ ಇಳಿಸಿ ಒಳಗಿನ ಸಕ್ಷನ್ ಪೈಪ್ (ಡೀಸೆಲ್ ಎಳೆಯುವ ಪೈಪ್) ಹೊರಗೆ ತೆಗೆದು ನೋಡಿದರೆ, ಮೇಲಿನ ಭಾಗ ತುಕ್ಕು ಹಿಡಿದು ಸಣ್ಣ ತೂತು ಬಿದ್ದಿತ್ತು. ಟ್ಯಾಂಕ್ ತುಂಬಿದ್ದಾಗ ತೂತು ಡೀಸೆಲಿನಲ್ಲಿ ಮುಳುಗಿರುತ್ತದೆ, ಏನೂ ಗೊತ್ತಾಗುವುದಿಲ್ಲ. ಮಟ್ಟ ಇಳಿದರೆ ತೂತಾದ ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ, ಡೀಸೆಲ್ ಜೊತೆ ಗಾಳಿಯೂ ಬರುತ್ತದೆ. ಸಪಾಟಿನಲ್ಲಿ ಎಂಜಿನ್‌ಗೆ ಬೇಕಾದ ಡೀಸೆಲ್ ಕಡಿಮೆ, ಹೇಗೋ ನಡೆಯುತ್ತದೆ. ಘಾಟಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪೈಪಿನಲ್ಲಿ ಡೀಸೆಲ್ ಎಳೆತ ಜಾಸ್ತಿ, ಗಾಳಿಯೂ ಜಾಸ್ತಿ, ಗಾಳಿ ತುಂಬಿ ಡೀಸೆಲ್ ನಿಂತು ಏರ್ ಲಾಕ್. ಹ್ಯಾಂಡ್ ಪಂಪ್ ಹೊಡೆದರೆ ಆ ಗಾಳಿ ಹೋಗಿ ಮತ್ತೆ ಸ್ಟಾರ್ಟ್. ಪಂಪಿನದು ಏನೇನೂ ತಪ್ಪಿರಲಿಲ್ಲ. ಒಂದು ತುಂಡು ಪೈಪ್ ಹಾಕಿ ಬೆಸುಗೆ ಮಾಡಿಸಿದೆ, ಅಷ್ಟೇ. ಖಾಲಿ ಟ್ಯಾಂಕನ್ನು ಮಾತ್ರ ಬೆಸುಗೆ ಬೆಂಕಿಯ ಹತ್ತಿರ ಒಯ್ಯಬೇಡಿ, ಒಳಗಿನ ಆವಿಗೆ ಸಿಡಿಯುತ್ತದೆ. ಪೈಪನ್ನು ಬಿಚ್ಚಿ ದೂರ ಒಯ್ದು ಮಾಡಿಸಿ.

ಹಾಗಾಗಿ ನಿಮ್ಮ ಗಾಡಿ ನಿಲ್ಲುವಾಗ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇರುತ್ತದೆ ಎಂದು ಮೊದಲು ಗಮನಿಸಿ. ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಅದನ್ನು ಬಿಡಿಸಿದರೆ ಮುಗಿಯಿತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪ್) ಪೈಪು, ಕ್ಲಿಪ್ಪು, ಪೈಪ್ ಜೋಡಿಸುವ ತೂತಿರುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ನೋಡಿ. ಹಳೆ ವಾಷರನ್ನೇ ಮತ್ತೆ ಹಾಕುವುದು ನನಗೆ ಸುತರಾಂ ಇಷ್ಟವಿಲ್ಲ, ಹೊಸದಕ್ಕೆ ಎಷ್ಟು ಮಹಾ ಖರ್ಚು? ಈ ಭಾಗದಲ್ಲಿ ಡೀಸೆಲ್ ಹೊರಗೆ ಸೋರಿರಬೇಕು ಎಂದೇನಿಲ್ಲ. ಎಂಜಿನ್ ಓಡುವಾಗ ಇಲ್ಲಿ ಎಳೆತ ಇರುತ್ತದೆ, ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಒಣಗಿದ ಪೈಪ್ ನೋಡಿ ಲೀಕ್ ಇಲ್ಲ ಎಂದು ಮೆಕ್ಯಾನಿಕ್ ಹೇಳಿದರೆ ನಂಬಬೇಡಿ. ಫೀಡ್ ಪಂಪಿನ ಮುಂಚೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ, ಗುಳ್ಳೆ ಕಣ್ಣಿಗೇ ಕಾಣುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ಅರ್ಧ ಖಾಲಿ ಟ್ಯಾಂಕಿನೊಳಗೆ ಅದೇ ಹನಿಯಾಗಿ ಇಳಿದು ತುಕ್ಕು ಹಿಡಿಸುತ್ತದೆ. ಡೀಸೆಲಿನ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಇದ್ದರೆ ಆಗಾಗ ಅದರ ನೀರು ಹೊರಗೆ ಬಿಡಿ. ಮೀನು, ಉಪ್ಪು ಹೊರುವ ಗಾಡಿಯಾದರೆ ಟ್ಯಾಂಕಿನ ಹೊರಮೈಯನ್ನೂ ಸಿಹಿನೀರಿನಲ್ಲಿ ತೊಳೆಯಿರಿ.

ಇಷ್ಟಾದರೂ ಅನುಮಾನ ಇದ್ದರೆ, ಒಂದು ಕ್ಯಾನಿನಲ್ಲಿ ಸ್ವಚ್ಛ ಡೀಸೆಲ್ ಹಾಕಿ ಕ್ಯಾಬಿನ್ ಹಿಂದೆ ಬಿಗಿಯಾಗಿ ಕಟ್ಟಿ, ಸೈಲೆನ್ಸರ್ ಕಡೆ ಬೇಡ. ಅಲ್ಲಿಂದ ನೇರ ಫೀಡ್ ಪಂಪಿಗೆ ಪೈಪ್ ಕೊಟ್ಟು, ಏರ್ ತೆಗೆದು, ಲೋಡಿನೊಂದಿಗೆ ಘಾಟ್ ಹತ್ತಿಸಿ. ಪಂಪಿನಿಂದ ಉಳಿದು ವಾಪಸ್ ಬರುವ ರಿಟರ್ನ್ ಡೀಸೆಲ್ ಟ್ಯಾಂಕಿಗೇ ಹೋಗುವುದರಿಂದ ಕ್ಯಾನ್ ಬೇಗ ಖಾಲಿಯಾಗುತ್ತದೆ, ಗಾಬರಿ ಬೇಡ. ಹತ್ತಿದರೆ ತೊಂದರೆ ಟ್ಯಾಂಕು ಪೈಪಿನದು, ಹೆಚ್ಚೆಂದರೆ ಫೀಡ್ ಪಂಪಿನದು. ಹತ್ತದಿದ್ದರೆ ಫಿಲ್ಟರ್ ಬದಲಿಸಿ ಇನ್ನೊಮ್ಮೆ ನೋಡಿ, ಆಮೇಲೆ ಪಂಪ್ ಬಿಚ್ಚಿಸಿ. ಇದೆಲ್ಲ ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೈಲ್ (ತುಂಬಾ ಹೆಚ್ಚು ಒತ್ತಡದ ಹೊಸ ನಮೂನೆಯ) ಎಂಜಿನ್ ಆದರೆ ಯಾವ ಪೈಪನ್ನೂ ಸಡಿಲಿಸಲು ಹೋಗಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕುತ್ತದೆ.